ಮಾಜಾಳಿ ಗೇಟು

ಹೋಮ್‌ಗಾರ್ಡ್ ಟೋಪಿಯೊಳಗೆ ಬೆವರು ಒಣಗಿ
ಉಪ್ಪಿನ ಗೆರೆ ಮೂಡುವಷ್ಟು ದಿನ
ಅದೇ ಶಾಮಿಯಾನದಡಿ ನಿಂತಿದ್ದೆ.
ಈಚೆ ನಾವು, ಆಚೆ ಪೋಳೆಂ, ಗೋವೆ;
ನಡುವೆ ಒಂದು ಬಿದಿರು,
ಅದರ ತುದಿಗೆ ಮರಳು ತುಂಬಿದ ಎಣ್ಣೆಡಬ್ಬ.

ನನ್ನ ಕೆಲಸಕ್ಕೆ ಎರಡೇ ಮಾತು ಸಾಕು:
‘ತೋರಿಸಿ.’ ‘ಹೋಗಿ.’
ಮೂರನೆಯದೂ ಒಂದಿತ್ತು,
ಆಮೇಲೆ ಹೇಳುತ್ತೇನೆ.

ಜನ ಮೊಬೈಲ್ ತೆರೆದು ಹಿಡಿಯುತ್ತಿದ್ದರು.
ಚೌಕದೊಳಗೆ ಚೌಕ, ಕಪ್ಪು ಬಿಳಿ,
ಸಕ್ಕರೆಗೆ ಇರುವೆ ಹತ್ತಿದ ಹಾಗೆ.
ನನ್ನ ಯಂತ್ರ ಟಿಣ್ ಎಂದರೆ ಅವರು ಆರೋಗ್ಯವಂತರು,
ಕೆಮ್ಮುತ್ತಿದ್ದರೂ ಆರೋಗ್ಯವಂತರು.
ಟಿಣ್ ಎನ್ನದಿದ್ದರೆ
ಸದಾಶಿವಗಡದ ಗುಡ್ಡ ಒಂದೇ ಉಸಿರಿಗೆ ಹತ್ತಿಳಿದವನೂ
ರೋಗಿಯೇ.

ದ್ವಾರಕಿ ತಾಂಡೇಲಳ ಚೌಕದಲ್ಲಿ
ಇನ್ಯಾರೋ ಇದ್ದ: ದ್ವಾರಕ, ಗಂಡು, ಇಪ್ಪತ್ತಾರು.
ಸೂಜಿ ಚುಚ್ಚಿದ್ದು ಇವಳ ತೋಳಿಗೆ,
ಊರ ಶಾಲೆಯ ಎರಡನೇ ಕ್ಲಾಸಿನ ಕೋಣೆಯಲ್ಲಿ, ಎರಡು ಸಲ.
ಎರಡನೇ ಸಲ ಜ್ವರ ಬಂದು
ಮೂರು ದಿನ ಬುಟ್ಟಿ ಕವುಚಿಟ್ಟು ಮಲಗಿದ್ದಳಂತೆ.
ಆ ಜ್ವರಕ್ಕೆ ಸರ್ಟಿಫಿಕೇಟ್ ಇರಲಿಲ್ಲ.

‘ಕಿತೆಂ ಜಾಯ್ ತುಕಾ?’ ಎಂದಳು.
ಏನು ಬೇಕು ನಿನಗೆ, ಎಂದು ಮತ್ತೆ ಕನ್ನಡದಲ್ಲಿ,
ಸರಕಾರದ ಜೊತೆ ಆಡುವ ಕನ್ನಡದಲ್ಲಿ.
ಗೋಣಿ ಸರಿಸಿ ಬುಟ್ಟಿಯಿಂದ ಒಂದು ಬಂಗಡೆ ಎತ್ತಿ
ಹೆಬ್ಬೆರಳಲ್ಲಿ ಕಿವಿರು ಬಿಡಿಸಿದಳು.
ಒಳಗೆ ಕೆಂಪು. ಆಗಷ್ಟೇ ಉಗಿದ ಕವಳದ ಕೆಂಪು.
‘ಮೀನಿಗೆ ಇಷ್ಟು ಸಾಕು’ ಎಂದಳು.

ಆಗ ಹೇಳಿದೆ ಆ ಮೂರನೆಯ ಮಾತು:
‘ತಿರುಗಿ.’

ಅವಳು ಹೊರಟದ್ದು ಮಾರಲಿಕ್ಕಲ್ಲ ಎಂದು
ಟೆಂಪೋದ ಹುಡುಗ ಸಂಜೆ ಹೇಳಿದ.
ಕಾಣಕೋಣದ ಆಸ್ಪತ್ರೆಯಲ್ಲಿ ಮಗಳು, ಚೊಚ್ಚಲ ಬಾಣಂತನ.
ತಲೆಯ ಮೇಲೆ ಮೀನಿದ್ದರೆ
ಯಾರೂ ಏನೂ ಕೇಳರೆಂದು
ಬುಟ್ಟಿ ಹೊತ್ತು ಬಂದಿದ್ದಳಂತೆ.

ನಿಯಮ ನನ್ನದಲ್ಲ. ರೋಗ ಸುಳ್ಳೂ ಅಲ್ಲ.
ಹಿಂದಿನ ಮೇ ತಿಂಗಳಲ್ಲಿ ನನ್ನ ಭಾವ ಚಂದ್ರಹಾಸ
ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ
ಉಸಿರಿಗಾಗಿ ಸರದಿ ಕಾಯುತ್ತ ಹೋದ.
ಬಿದಿರು ಹಿಡಿದ ಕೈ ಆವತ್ತು
ಸಡಿಲಾಗದ್ದು ಅದಕ್ಕೇ.
ನೆಪ ಅನ್ನಿ ಬೇಕಾದರೆ.

ಶಾಮಿಯಾನ ಬಿಚ್ಚುವವರ ಗಲಾಟೆಯ ನಡುವೆ
ಸಾಹೇಬರು ಆದೇಶ ಓದಿದರು:
ಇನ್ನು ಯಾರಲ್ಲಿಯೂ ಕೇಳತಕ್ಕದ್ದಲ್ಲ.
ಪುರಾವೆ ಇಲ್ಲವೆಂಬ ಕಾರಣಕ್ಕೆ
ದಾರಿಯನ್ನಾಗಲಿ ರೇಷನ್ನನ್ನಾಗಲಿ ತಡೆಯತಕ್ಕದ್ದಲ್ಲ.
ಯಂತ್ರದೊಳಗಿನ ಹೆಸರುಗಳನ್ನು
ಇಟ್ಟುಕೊಳ್ಳತಕ್ಕದ್ದಲ್ಲ.
ಸರಕಾರ ಇಷ್ಟೊಂದು ‘ತಕ್ಕದ್ದಲ್ಲ’
ತನಗೆ ತಾನೇ ಹೇಳಿಕೊಂಡದ್ದು
ನಾನು ಕೇಳಿದ್ದು ಅದೇ ಮೊದಲು.

‘ಸರ್, ಇವು?’ ಎಂದೆ.
ನೆಟ್‌ವರ್ಕ್ ಸತ್ತ ದಿನಗಳಲ್ಲಿ ಕೈಯಾರೆ ಬರೆದ
ಉದ್ದನೆಯ ಪುಸ್ತಕಗಳು, ನಾಲ್ಕು.
‘ಆದೇಶ ಇರೋದು ಡಿಜಿಟಲ್ಲಿಗೆ ಮಾರಾಯ,
ಕಾಗದದ ಬಗ್ಗೆ ಎಂಥದೂ ಇಲ್ಲ.’

ಹಾಗಾಗಿ ಅವು ನನ್ನ ಮನೆ ಅಟ್ಟದ ಮೇಲಿವೆ.
ಸುಡಲು ಆದೇಶವಿಲ್ಲ, ಇಡಲೂ ಇಲ್ಲ.
ಮೂರನೆಯದರ ನಡುವೆಲ್ಲೋ ನನ್ನದೇ ಅಕ್ಷರ:
ದ್ವಾರಕಿ ತಾಂಡೇಲ. ಹೆಸರು ತಾಳೆಯಾಗಿಲ್ಲ. ವಾಪಸು.
ಬೆಳಿಗ್ಗೆ ಏಳು ಹತ್ತು.

ಮೊನ್ನೆ ಕಾರವಾರದ ಭಾನುವಾರದ ಸಂತೆಯಲ್ಲಿ
ಬಂಗಡೆಯ ಗುಡ್ಡೆಯ ಹಿಂದೆ ಅವಳು.
ನಾನು ಲುಂಗಿಯಲ್ಲಿದ್ದೆ, ಟೋಪಿ ಇರಲಿಲ್ಲ.
ತಾಜಾ ಹೌದೋ ಎಂದು ಕೇಳಹೋದ ಬಾಯಿ
ತಾನೇ ಆಡಿಬಿಟ್ಟಿತು: ‘ತೋರಿಸಿ.’

ಅವಳು ತಲೆ ಎತ್ತಿದಳು.
ಹೆಬ್ಬೆರಳು ಕಿವಿರಿಗೆ ಹೋಗಲಿಲ್ಲ.
‘ನೂರಕ್ಕೆ ಎಂಟು. ಬೇಕಿದ್ರೆ ತಗೋ.’
ಮೊಮ್ಮಗು ಹೇಗಿದೆ ಎಂದು ಕೇಳಬೇಕಿತ್ತು.
ಚೀಲ ಒಡ್ಡಿದೆ.

ಕಾಳಿ ಸೇತುವೆಯ ಮೇಲೆ ಬೈಕ್ ನಿಲ್ಲಿಸಿ ಎಣಿಸಿದೆ:
ಏಳೇ ಇದ್ದವು.
ತಿರುಗಿ ಹೋಗಲಿಲ್ಲ.