ಹದಿನೇಳು ಮಿಲಿಮೀಟರ್

ರವಿವಾರ ಪೇಟೆಯ ಲವಂಗ, ಐವತ್ತು ಗ್ರಾಂ.
ಪೊಟ್ಟಣ ಕಟ್ಟುತ್ತ ಅಂಗಡಿಯವ ಕೇಳಿದ:
ಬಿರ್ಯಾನಿಗೋ, ಹಲ್ಲುನೋವಿಗೋ?
ಪ್ಲೇಟಿಗೆ ಅಂದೆ. ತಲೆಯಾಡಿಸಿದ.
ಅವನು ತಿಳಿದ ಪ್ಲೇಟು ಬೇರೆ.

ನಮ್ಮದು ಅಂಗೈಯಗಲದ ಗಾಜು,
ಹೆಪ್ಪುಗಟ್ಟಿದ ಅಗರ್,
ಮೇಲೆ, ಯಾರದೋ ಆರದ ಗಾಯದಿಂದ ಬಂದ
ಹೊನ್ನಬಣ್ಣದ ಸಂತಾನ.
ಹೆಸರಿಲ್ಲ, ನಂಬರಷ್ಟೆ: ೪೧೨.
ಹತ್ತಿಕಡ್ಡಿಯಲ್ಲಿ ಮೂರು ದಿಕ್ಕಿಗೂ ಸಾರಿಸಿ
ರಂಗೋಲಿಯ ಚುಕ್ಕಿಯಂತೆ ಬಿಲ್ಲೆ ಇಟ್ಟೆ:
ಲವಂಗದ್ದು, ಬೆಳ್ಳುಳ್ಳಿಯದು,
ದಾರುಹರಿದ್ರೆಯಿಂದ ಸೋಸಿ ತೆಗೆದ ಹಳದಿಯದು,
ಏನೂ ಇಲ್ಲದ್ದು.
ಏನೂ ಇಲ್ಲದ್ದನ್ನು ಮರೆಯಬೇಡ,
ಅನ್ನುತ್ತಾರೆ ಖಾಸನೀಸ ಮೇಡಂ.
ಮೂವತ್ತೇಳು ಡಿಗ್ರಿ. ಮೈಯ ಕಾವು.
ಬಾಗಿಲು ಹಾಕಿದೆ.

ಹಡಪಸರದ ಬಸ್ಸಿನಲ್ಲಿ ಜೋತು ನಿಂತು
ಈಗ ಅಲ್ಲಿ ಏನು ನಡೆದಿದೆಯೋ ಅಂದುಕೊಂಡೆ.
ಲವಂಗದ ಕೈಯಲ್ಲಿ ಕತ್ತಿಯಿಲ್ಲ.
ಜಿಡ್ಡಿನ ಗೋಡೆಗೆ ಜಿಡ್ಡಾಗಿಯೇ ಹೊಕ್ಕು
ಸಡಿಲಿಸುತ್ತದೆ, ಅಷ್ಟೆ;
ಒಳಗಿನ ಉಪ್ಪು ತಾನಾಗಿ ಸೋರುತ್ತದೆ,
ಬಿರುಕುಬಿಟ್ಟ ಭರಣಿಯಿಂದ ಉಪ್ಪಿನಕಾಯಿಯ ರಸದಂತೆ.

ಬೆಳ್ಳುಳ್ಳಿ ಮುಗುಮ್ಮು.
ಇಡೀ ಎಸಳಿಗೆ ಘಾಟಿಲ್ಲ, ಕೋಪವಿಲ್ಲ.
ಒಂದೇ ಮನೆಯ ಎರಡು ಕೋಣೆಯಲ್ಲಿ
ಮಾತಿಲ್ಲದ ಇಬ್ಬರು.
ಜಜ್ಜಿ ಗೋಡೆ ಬಿದ್ದಾಗಲೇ ಭೇಟಿ.
ಆ ಭೇಟಿಗೆ ಹುಟ್ಟಿದ್ದಕ್ಕೆ ಆಯುಷ್ಯ ಕಡಿಮೆ,
ಇರುವಷ್ಟು ಹೊತ್ತು ಬಸ್ಸೆಲ್ಲ ಮೂಗು ಮುಚ್ಚುತ್ತದೆ,
ಈಗ ನನ್ನ ಬೆರಳಿಗೆ ಮುಚ್ಚಿದಂತೆ.

ಹಳದಿಯದು ಬೇರೆ ಕತೆ.
ಅದು ಒಳಗೇನೋ ಹೋಗುತ್ತದೆ;
ಒಳಗಿನವರು ಪಂಪು ಹಚ್ಚಿ ಹೊರಗೆ ಚೆಲ್ಲುತ್ತಾರೆ,
ಜುಲೈ ತಿಂಗಳಲ್ಲಿ ನಮ್ಮ ಸೊಸೈಟಿಯವರು
ನೆಲಮಾಳಿಗೆಯ ನೀರು ಚೆಲ್ಲಿದಂತೆ.
ಆದರೆ ಅದೇ ಗಿಡದಲ್ಲಿ ಇನ್ನೊಂದಿದೆ.
ಅದು ಯಾರನ್ನೂ ಕೊಲ್ಲದು.
ಹೋಗಿ ಆ ಪಂಪಿನ ಬಾಯಿಗೆ
ಕೈ ಅಡ್ಡ ಹಿಡಿಯುತ್ತದೆ.
ನಾವು ಸೋಸುವಾಗ
ಅದನ್ನೇ ಮೋರಿಗೆ ಬಿಟ್ಟಿದ್ದೆವು.

ಬೆಳಿಗ್ಗೆ ಸ್ಕೇಲು ಇಟ್ಟು ಅಳೆದೆ.
ಲವಂಗದ ಸುತ್ತ ಬರಿಯ ಬಯಲು: ಹದಿನೇಳು.
ಬೆಳ್ಳುಳ್ಳಿಗೆ ಇಪ್ಪತ್ತೆರಡು.
ಹಳದಿಯ ಅಂಚಿನವರೆಗೂ
ದಟ್ಟವಾಗಿ ಬೆಳೆದು ನಿಂತಿದ್ದರು ಅವರು,
ಏನೂ ಇಲ್ಲದ್ದರ ಸುತ್ತ ನಿಂತಂತೆಯೇ.
ವಹಿಯಲ್ಲಿ ಬರೆದೆ.
೪೧೨ ಹೇಗಿದ್ದಾರೆ ಅನ್ನುವುದಕ್ಕೆ
ವಹಿಯಲ್ಲಿ ಕಲಮು ಇಲ್ಲ.

ಪ್ಲೇಟುಗಳನ್ನು ಕುಕ್ಕರಿಗೆ ಇಳಿಸುವ ಮೊದಲು
ಇಂದುಬಾಯಿ ಘುಲೆ ಬೆಳಕಿಗೆ ಹಿಡಿದು
ಆ ದೊಡ್ಡ ಬಯಲನ್ನು ನೋಡಿದಳು.
ಯಾವುದಿದು? ಬೆಳ್ಳುಳ್ಳಿ ಅಂದೆ.
ಮಗನ ಕಾಲಿಗೆ ಅರೆದು ಕಟ್ಟಿದ್ದೆ, ಅಂದಳು,
ಕೀವಿನ ಜೊತೆ ತೊಗಲೂ ಬೆಂದುಹೋಯಿತು.
ರಾತ್ರಿಯಿಡೀ ಕಿರುಚಿದ.

ಗಾಜಿಗೇನು, ಉರಿಯುವುದಿಲ್ಲ.
ಮುಚ್ಚಳ ತಿರುಪಿದಳು.