ತಿದ್ದುಪಡಿ

ನಿನ್ನೆಯ ಮೂರನೇ ಪುಟದಲ್ಲಿ, ನನ್ನ ಹೆಸರಿನ ಮೇಲೆ,
‘ಹಕ್ಕಿ ಕಾಣದೆ ಕಣ್ಣೀರಿಟ್ಟ ಅಂಗವಿಕಲ’ ಎಂದಿದೆ.
ಹುಚ್ಚರಾಯಪ್ಪ ಅತ್ತಿಲ್ಲ.
ಆ ಸಾಲು ಶಿವಮೊಗ್ಗದ ಡೆಸ್ಕಿನದು.

ನಾನು ಕಳಿಸಿದ್ದು ಇಷ್ಟು:
ಬಿದರೆಕೆರೆ ಏರಿ, ಸೊರಬದಿಂದ ಹನ್ನೊಂದು ಕಿಲೋಮೀಟರು.
ಹಕ್ಕಿ ನೋಡಲು ಹೊಸ ಕಟ್ಟೆ,
ಎಲ್ಲರಿಗೂ ಸ್ವಾಗತ ಎಂಬ ಫಲಕ,
ಫಲಕದ ಬುಡದಲ್ಲೇ ಮೂರು ಮೆಟ್ಟಿಲು.

ಇಪ್ಪತ್ತಾರು ವರ್ಷ ಈ ಕಾಡು ಕಾದವರು,
ಕಾಟಿ ತಿವಿದ ಮೇಲೆ ಗಾಲಿಕುರ್ಚಿ.
ಗಾರ್ಡುಗಳಿಬ್ಬರು ತೋಳೇರಿಸಿದರು, ಎತ್ಕೊಳ್ತೀವಿ ಬಿಡಿ ಅಂತ.
‘ಹೊತ್ತು ಒಯ್ಯೋದು ದೇವರನ್ನ, ಇಲ್ಲಾ ಹೆಣಾನ.
ನಾನಿನ್ನೂ ಎರಡೂ ಆಗಿಲ್ಲ.’

ಚೀಲದಲ್ಲಿ ದರ್ಜಿಯ ಟೇಪಿತ್ತು. ಅಳೆದೆ.
ಒಂದೂವರೆ ಅಡಿ ಎತ್ತರ.
ಅಡಿಗೆ ಹನ್ನೆರಡಡಿಯಂತೆ ಇಳಿಜಾರು, ಅಂದರೆ ಹದಿನೆಂಟು.
ಹದಿನೆಂಟಡಿ ಮಣ್ಣು. ಸುದ್ದಿ ಅದು.
ಅದನ್ನೇ ಕತ್ತರಿಸಿದ್ದಾರೆ.

ಅಷ್ಟರಲ್ಲಿ ಅವರು ಕೆಳಗೇ ಕೂತು, ಕಣ್ಣು ಮುಚ್ಚಿ,
‘ಎಡಗಡೆ ಬಾಗಿದ ಕೊಂಬೆ, ಕೆಂಬರಲಿನ ಗೂಡು.
ಮೂರು ಮರಿ. ಒಂದಕ್ಕೆ ಹೊಟ್ಟೆ ತುಂಬಿಲ್ಲ’ ಅಂದರು.
ನಾನು ಕಟ್ಟೆ ಹತ್ತಿ ದುರ್ಬೀನು ಹಿಡಿದೆ: ಎರಡೇ.
‘ಇನ್ನೊಂದ್ಸಲ ನೋಡವ್ವ.’
ಬಸ್ಸಿಗೆ ಹೊತ್ತಾಗಿತ್ತು, ನೋಡಲಿಲ್ಲ.
ಕಣ್ಣನ್ನೇ ನಂಬಿ ಎರಡು ಎಂದು ಬರೆದೆ.

ಡೆಸ್ಕು ಅದನ್ನು ಮಾತ್ರ ಮುಟ್ಟಿಲ್ಲ.

ಇವತ್ತು ಬೆಳಿಗ್ಗೆ, ರಜೆ ಹಾಕಿ, ಮತ್ತೆ ಹೋಗಿದ್ದೆ.
ಎರಡು ಮರಿ ನೂಕಾಡುತ್ತಿದ್ದವು,
ತಾಯಿ ರೆಕ್ಕೆ ಸರಿಸಿದಾಗ ಅಡಿಯಿಂದ
ಇನ್ನೊಂದು ಕರಿ ಕೊಕ್ಕು.

ಓದುಗರು ದಯವಿಟ್ಟು
ಎರಡು ಎಂದಿರುವಲ್ಲಿ ಮೂರು ಎಂದು ಓದಿಕೊಳ್ಳಬೇಕು.
ತಪ್ಪು ನನ್ನದು.