ಕರ್ಮಣಿ ಪ್ರಯೋಗ

ಮಾನ್‌ಖುರ್ದ್ ಸ್ಟೇಷನ್ನಿನಿಂದ ಕಚೇರಿಗೆ ಶೇರ್ ರಿಕ್ಷಾ,
ಮಡಿಲಲ್ಲಿ ಊಟದ ಡಬ್ಬಿ, ಅದರ ಮೇಲೆ ಒದ್ದೆ ಕೊಡೆ,
ತಲೆಯಲ್ಲಿ ನಿರ್ದೇಶನ ಸಂಖ್ಯೆ ಹನ್ನೊಂದು:
ತುರ್ತು ಜನರೇಟರಿನ ಕೋಣೆಗೆ
ನೀರು ನುಗ್ಗದಂಥ ಬಾಗಿಲು.
ಏಳು ಸ್ಥಾವರಗಳಿಗೆ ಒಂದೇ ದಿನ ಹೋದ ಒಂದೇ ಪತ್ರ.
ಉತ್ತರ ಏಳು ಬಗೆ.

ಒಬ್ಬರು ಬರೆದರು, ಮಾಡಲಾಗುವುದು.
ಇನ್ನೊಬ್ಬರು, ಮಾಡಲಾಗುತ್ತಿದೆ.
ಮರುಭೂಮಿಯವರು ಕೇಳಿದರು, ನಮ್ಮಲ್ಲಿ ಎಲ್ಲಿಯ ನೀರು?
ನ್ಯಾಯವಾದ ಪ್ರಶ್ನೆ. ಆದರೂ ಅವರ ಕಾಲುವೆಯ ನಕಾಶೆ ತರಿಸಿದೆ.
ಕಡಲ ದಂಡೆಯ ಸ್ಥಾವರದಿಂದ ಮಾತ್ರ
ಗಡುವಿಗೆ ಹನ್ನೆರಡು ದಿನ ಮುಂಚೆಯೇ,
ಫೋಟೋ ಸಮೇತ: ಮಾಡಲಾಗಿದೆ.

ಅವರು ಬರೆಯುವುದು ಇಂಗ್ಲಿಷು. ನನ್ನೊಳಗೆ ಅದು
ಅವ್ವನ ಕನ್ನಡವಾಗಿಯೇ ಇಳಿಯುತ್ತದೆ.
ವಡಾಳದ ಮುನಿಸಿಪಾಲಿಟಿ ಶಾಲೆಯ ಎರಡನೇ ಮಹಡಿ,
ಬಂದರಿನ ಹಮಾಲರ ಮಕ್ಕಳು, ನನ್ನನ್ನೂ ಸೇರಿಸಿ ಹದಿನೇಳು ಜನ.
"ಗಡಿಗಿ ಒಡೆಯಲ್ಪಟ್ಟಿತು ಅಂತ ಬರದ್ರ
ಒಡದಾಂವ ಎಲ್ಲಿ ಹೋದ? ಹುಡುಕ್ರಿ.
ವಾಕ್ಯದ ಹಿಂದ ಅಡಗಿ ಕುಂತಿರ್ತಾನ."
ಆ ಶಾಲೆಗೆ ಈಗ ಬೀಗ ಹಾಕಲಾಗಿದೆ.
ಹಾಕಿದವರ ಹೆಸರು ಯಾವ ಕಡತದಲ್ಲೂ ಇಲ್ಲ.

ಫೋಟೋ ಹಿಗ್ಗಿಸಿದೆ.
ಬಾಗಿಲು ಹೌದು. ಹಳದಿ ಬಣ್ಣ ಹೌದು, ಇನ್ನೂ ಹಸಿ,
ಯಾರದೋ ಹೆಬ್ಬೆರಳು ಮೂಡಿದೆ ಚೌಕಟ್ಟಿನ ಮೇಲೆ.
ಕೆಳಗೆ, ರಬ್ಬರು ಕೂರಬೇಕಾದ ತೋಡಿನಲ್ಲಿ
ಸುಮ್ಮನೆ ಕತ್ತಲೆ. ಒಂದು ಬೆರಳಿನಷ್ಟು.

ವಾಘಧರೆ ಸಾಹೇಬರು ಕನ್ನಡಕ ಏರಿಸಿ ನೋಡಿದರು.
"ನೆರಳಿರಬಹುದು" ಅಂದರು.
ಬುಧವಾರ ಮಂಡಳಿಯ ಸಭೆ; ಏಳರಲ್ಲಿ ಒಂದಾದರೂ
ಹಸಿರು ಖಾನೆಯಲ್ಲಿ ಕಾಣಲಿ ಎಂಬುದು ಅವರ ಆಸೆ.
ಕೆಟ್ಟವರಲ್ಲ. ನಿವೃತ್ತಿಗೆ ನಾಲ್ಕು ತಿಂಗಳು.
ನನಗೂ ನೆರಳೆಂದೇ ಅನಿಸಿತ್ತು, ಚಹಾ ಮುಗಿಯುವವರೆಗೆ.

ಫೋನು ಮಾಡಿದೆ. ಕುರಿಯಾಕೋಸ್ ಎತ್ತಿದ.
ತರಬೇತಿಯ ವರ್ಷ ಇದೇ ಅಣುಶಕ್ತಿನಗರದ ಮೆಸ್ಸಿನಲ್ಲಿ
ಒಂದೇ ನೀರುಸಾರನ್ನು ಬೈದುಕೊಂಡು ಉಂಡವರು ನಾವು.
ಈಗ ಅವನು ನಡೆಸುವವ, ನಾನು ಕೇಳುವವಳು.
"ರಬ್ಬರು ಹಾಕಿದ್ದು ಯಾರು?"
"ಹಾಕಲಾಗಿದೆ."
"ಯಾರು, ಕುರಿಯಾ?"
ಆ ಕಡೆ ಗಾಳಿ, ಯಾವುದೋ ಪಂಪಿನ ಗುಂಯ್ ಸದ್ದು.
ಆಮೇಲೆ, ಮೆಸ್ಸಿನ ಹುಡುಗನ ದನಿಯಲ್ಲಿ:
"ಪುಣೆಯಿಂದ ಸರಕು ಬಂದಿಲ್ಲ. ಭೋಸರಿಯ ಕಾರ್ಖಾನೆಯಲ್ಲಿ ಅಚ್ಚು ಒಡೆದಿದೆಯಂತೆ.
ಬಾಗಿಲಂತೂ ಇದೆಯಲ್ಲ ಅಂತ...
ನಾನೇ ಸಹಿ ಮಾಡಿದೆ."

ನಾನೇ.
ಹದಿನಾಲ್ಕು ವರ್ಷದ ನೌಕರಿಯಲ್ಲಿ
ನನಗೆ ಸಿಕ್ಕ ಮೊದಲ ಕರ್ತೃಪದ.

ಬೈಯಲಿಲ್ಲ. ಉಳಿದ ಆರರಲ್ಲಿ ಯಾರ ಉಗ್ರಾಣದಲ್ಲಿ
ಹೆಚ್ಚಿನ ರಬ್ಬರಿದೆಯೆಂದು ಮಧ್ಯಾಹ್ನವಿಡೀ ವಿಚಾರಿಸಿದೆ.
ಮರುಭೂಮಿಯವರ ಬಳಿ ಎರಡು ಸುರುಳಿ!
ಎಲ್ಲಿಯ ನೀರು ಎಂದವರು ಸದ್ದಿಲ್ಲದೆ ತರಿಸಿಟ್ಟಿದ್ದರು.
ಕಳಿಸಲು ಒಪ್ಪಿದರು, ನಾನು ಬರೆದುಕೊಡುವುದಾದರೆ.
ಬರೆದುಕೊಟ್ಟೆ, ಹೆಸರು ಹಾಕಿ.
ಬುಧವಾರದ ಪಟ್ಟಿಯಲ್ಲಿ ಹಸಿರು ಸೊನ್ನೆ.
ವಾಘಧರೆ ಸಾಹೇಬರು ಎರಡು ದಿನ ಮಾತಾಡಲಿಲ್ಲ,
ಮೂರನೆಯ ದಿನ ತಮ್ಮ ಡಬ್ಬಿಯಿಂದ ಥಾಲಿಪೀಟು ಮುರಿದು ಕೊಟ್ಟರು.

ಅದೇ ಸಂಜೆ ಹಾರ್ಬರ್ ಲೈನು ನಿಂತಿತು.
ಕುರ್ಲಾದಿಂದ ಚುನಾಭಟ್ಟಿಗೆ ಹಳಿಯ ಮೇಲೆ ನಡಿಗೆ,
ಚಪ್ಪಲಿ ಕೈಯಲ್ಲಿ, ಮೊಣಕಾಲಿಗೆ ಕಂದು ನೀರು.
ನಮ್ಮ ಸೊಸೈಟಿಯ ಮೆಟ್ಟಿಲ ಕೆಳಗೆ ಮೀಟರ್ ಕೋಣೆ.
ಬಾಗಿಲಿಗೆ ಅಂಟಿಸಿದ ನೋಟಿಸು, ಹೋದ ಜೂನಿನದು,
ಮರಾಠಿಯಲ್ಲಿ: ದುರಸ್ತಿ ಮಾಡಲಾಗುವುದು.
ಕೆಳಗೆ ಕಾರ್ಯದರ್ಶಿಯ ಸಹಿ. ನನ್ನದು.

ಬಗ್ಗಿ, ಬಾಗಿಲ ಸಂದಿಗೆ ಬೆರಳಿಟ್ಟು ನೋಡಿದೆ.
ಎರಡು ಬೆರಳು ಹೋಯಿತು.